ಸಣ್ಣಮ್ಮ, ಸನ್ನಮ್ಮ ಮತ್ತು ಮೂರನೇ ಸೆಮಿಸ್ಟರ್

ಸಿಇಟಿ ರ‍್ಯಾಂಕ್ ಬಂದಾಗಿನಿಂದ ಆಪ್ಷನ್ ಎಂಟ್ರಿ ಮುಗಿಯುವವರೆಗೆ ನನ್ನ ಫೋನಿಗೆ ಪುರುಸೊತ್ತಿರುವುದಿಲ್ಲ. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಹೇಳಿಕೊಡುತ್ತೇನೆ ಎಂದು ಗೊತ್ತಿರುವ ನೆಂಟರು, ನೆಂಟರ ನೆಂಟರು, ಊರಿನ ಹಾಲಿನ ಡೇರಿ ಕಾರ್ಯದರ್ಶಿ, ಮಗಳ ಸ್ಕೂಲ್ ವ್ಯಾನ್ ಓಡಿಸುವವರು, ಎಲ್ಲರೂ ಕೇಳುವುದು ಒಂದನ್ನೇ. ಈ ರ‍್ಯಾಂಕಿಗೆ ಸಿಎಸ್ ಸಿಗುತ್ತಾ? ಸಿಗದಿದ್ರೆ ಐಎಸ್? ಅದೂ ಇಲ್ಲಾಂದ್ರೆ ಎಐ-ಎಂಎಲ್? ಗೊತ್ತಿದ್ದಷ್ಟು ಹೇಳುತ್ತೇನೆ. ಅವರ ಆತಂಕ ನಿಜವಾದದ್ದು. ಜಮೀನು ಅಡ ಇಟ್ಟು ಮಗಳನ್ನು ಓದಿಸುವವರು ಕೆಲಸ ಸಿಗುತ್ತಾ ಎಂದು ಮೊದಲು ಕೇಳಲೇಬೇಕು. ಆದರೆ ಇಷ್ಟು ವರ್ಷಗಳಲ್ಲಿ ಒಬ್ಬರೂ, ಅಪ್ಪ ಅಮ್ಮ ಬಿಡಿ, ಸೇರಿಕೊಳ್ಳುವ ಹುಡುಗ ಹುಡುಗಿಯರೂ, ಇದನ್ನ ಕಲಿತವರು ಏನು ಮಾಡ್ತಾರೆ ಎಂದು ಕೇಳಿಲ್ಲ. ಪ್ಯಾಕೇಜ್ ಎಷ್ಟು ಎಂದು ಕೇಳಿದ್ದಾರೆ.

ಇದು ನನ್ನನ್ನು ಕೊರೆಯುತ್ತಲೇ ಇದೆ. ಇವತ್ತು ನಮ್ಮ ಜಿಲ್ಲೆಯಲ್ಲಿ ಯಾರಿಗೆ ರೇಷನ್ ಸಿಗಬೇಕು, ಯಾರ ಪಿಂಚಣಿ ನಿಲ್ಲಬೇಕು, ಯಾರ ಹೊಲಕ್ಕೆ ಪರಿಹಾರ ಬರಬೇಕು ಅನ್ನುವುದು ಒಂದಲ್ಲ ಒಂದು ಹಂತದಲ್ಲಿ ಸಾಫ್ಟ್‌ವೇರ್ ಒಳಗೆ ತೀರ್ಮಾನ ಆಗುತ್ತದೆ. ಆ ಸಾಫ್ಟ್‌ವೇರ್ ಬರೆಯುವವರು ನನ್ನ ಕ್ಲಾಸಿನಂಥ ಕ್ಲಾಸುಗಳಿಂದಲೇ ಹೋಗುತ್ತಾರೆ. ಹಾಗೆ ಹೋಗುವವರಿಗೆ ತಾವು ಬರೆಯುವುದು ತೀರ್ಮಾನ ಎಂದು ನಾವು ಎಲ್ಲೂ ಹೇಳಿಕೊಡುವುದಿಲ್ಲ. ಹತ್ತು ಅಂಕದ ಪ್ರಶ್ನೆ ಎಂದು ಹೇಳಿಕೊಡುತ್ತೇವೆ.

ನಮ್ಮ ಕಡೆ ಎಂಜಿನಿಯರ್ ಅಂದರೆ ಒಂದು ಕಾಲಕ್ಕೆ ಸಿವಿಲ್ ಎಂಜಿನಿಯರ್. ಮಲೆನಾಡು ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1960ರಲ್ಲಿ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ಆ ಅಣೆಕಟ್ಟು ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎಂದು ಹಾಸನದ ಯಾರನ್ನು ಕೇಳಿದರೂ ಹೇಳುತ್ತಾರೆ. ನಾಲೆ ಎಲ್ಲಿಗೆ ಬಂತು, ಎಲ್ಲಿಗೆ ಬರಲಿಲ್ಲ, ಯಾವ ಊರು ಮುಳುಗಿತು, ಮುಳುಗಡೆಯವರಿಗೆ ಎಲ್ಲಿ ಜಮೀನು ಕೊಟ್ಟರು. ಶೆಟ್ಟಿಹಳ್ಳಿಯ ಹಳೇ ಚರ್ಚು ಪ್ರತಿ ಮಳೆಗಾಲ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಲ್ಲುತ್ತದೆ. ನೋಡಲು ಬಂದವರಿಗೆ ಅದು ಫೋಟೋ. ಇಲ್ಲಿಯವರಿಗೆ ಒಂದು ಲೆಕ್ಕ. ಆ ಎಂಜಿನಿಯರಿಂಗ್ ಮಾಡಿದ್ದು ಕಣ್ಣಿಗೆ ಕಾಣುತ್ತಿತ್ತು. ಅದಕ್ಕೇ ಜಗಳ ಆಡಲು, ಅರ್ಜಿ ಕೊಡಲು, ಸಮರ್ಥಿಸಲು ಸಾಧ್ಯ ಆಯಿತು.

ಕಂಪ್ಯೂಟರ್ ಹಾಗೆ ಕಾಣಿಸಿಕೊಂಡು ಬರಲಿಲ್ಲ. ಹಾಸನಕ್ಕೆ ದೊಡ್ಡ ಕಂಪ್ಯೂಟರುಗಳು ಬಂದದ್ದು ತೀರಾ ತಡವಾಗಿಯೇನಲ್ಲ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಲ್ಲೇ ಇಲ್ಲಿ ಶುರುವಾಯಿತು. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಸಾಲಗಾಮೆ ರಸ್ತೆಯಲ್ಲಿ ಕೂತು ನೋಡಿಕೊಳ್ಳುತ್ತಾರೆ ಅನ್ನುವುದು ನಮ್ಮ ಊರಿನ ಹೆಮ್ಮೆ. ಆದರೆ ಜನರ ಬದುಕನ್ನು ಮುಟ್ಟಿದ ಕಂಪ್ಯೂಟರ್ ಅದಲ್ಲ. ತಾಲ್ಲೂಕು ಆಫೀಸಿನ ಕಿಟಕಿಯ ಹಿಂದೆ, ರೇಷನ್ ಅಂಗಡಿಯ ಸಣ್ಣ ಯಂತ್ರದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಬಂದು ಕೂತದ್ದು. ಅದರ ಮುಳುಗಡೆ ಪ್ರದೇಶದ ನಕ್ಷೆಯನ್ನು ಯಾರೂ ಬರೆದಿಲ್ಲ.

ಕ್ಯೂ ಅನ್ನುವ ಪಾಠ

ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಇರುತ್ತದೆ. ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ಬಗೆಗಳು: ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್, ಮರದ ಹಾಗೆ ಕವಲೊಡೆಯುವ ಟ್ರೀ, ಯಾವುದನ್ನು ಯಾವುದಕ್ಕೆ ಬೇಕಾದರೂ ಜೋಡಿಸಬಹುದಾದ ಗ್ರಾಫ್. ಸಿಎಸ್ ಓದಿದ ಎಲ್ಲರಿಗೂ ಆ ಲ್ಯಾಬ್ ನೆನಪಿರುತ್ತದೆ. ಸರ್ಕ್ಯುಲರ್ ಕ್ಯೂಗೆ ಮೆನು ಇರುವ ಪ್ರೋಗ್ರಾಂ ಬರೆಯಿರಿ, ಸ್ಟ್ರಿಂಗ್ (ಅಕ್ಷರಗಳ ಸಾಲು) ಒಳಗೆ ಪ್ಯಾಟರ್ನ್ ಹುಡುಕಿ ಬದಲಾಯಿಸಿ. ಪರೀಕ್ಷೆಯಲ್ಲಿ ಯಾವ ಪ್ರೋಗ್ರಾಂ ಬರುತ್ತೋ ಎಂಬ ಭಯದಲ್ಲಿ ಹೆಚ್ಚಿನವರು ಎಲ್ಲವನ್ನೂ ಬಾಯಿಪಾಠ ಮಾಡಿರುತ್ತಾರೆ. ಕ್ಯೂ ಅಂದರೆ ಮೊದಲು ಬಂದದ್ದು ಮೊದಲು ಹೋಗಬೇಕು, ಅಷ್ಟೇ. ಇದರಲ್ಲಿ ಹೇಳಲು ಏನಿದೆ ಎಂದು ಅವರಿಗೆ ಅನ್ನಿಸುವುದು ಸಹಜ.

ಆಗ ನಾನು ರಾಜ್ಯದ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯ ಕಥೆ ಹೇಳುತ್ತೇನೆ. ಪಹಣಿ ಕೈಬರಹದಲ್ಲಿದ್ದ ಕಾಲವನ್ನು ಇವರು ಕಂಡಿಲ್ಲ. ಇವರ ತಾತಂದಿರು ಕಂಡಿದ್ದಾರೆ. ರಾಜ್ಯದಲ್ಲಿ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿ ಎಲ್ಲರ ಜಮೀನಿನ ದಾಖಲೆ ಇತ್ತು. ಪಹಣಿ ಬೇಕಾದರೆ ಅವರನ್ನು ಹುಡುಕಿಕೊಂಡು ಹೋಗಬೇಕು. ಖಾತೆ ಬದಲಾವಣೆಗೆ ಅರ್ಜಿ ಕೊಟ್ಟರೆ ಅದು ಯಾವಾಗ ಕಡತದ ಮೇಲಕ್ಕೆ ಬರುತ್ತದೆ ಅನ್ನುವುದು ನೀವು ಯಾರು, ಯಾರ ಜೊತೆ ಬಂದಿರಿ, ಏನು ಕೊಟ್ಟಿರಿ ಅನ್ನುವುದರ ಮೇಲೆ ನಿಂತಿತ್ತು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಪ್ರಿಂಟ್ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದಾಯಿತು.

ಎಲ್ಲರಿಗೂ ನೆನಪಿರುವುದು ಆ ಪ್ರಿಂಟು. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ಹೊರಗೆ ಕಾಣದ ಒಂದು ಸಂಗತಿ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ಎತ್ತಿಕೊಳ್ಳಬೇಕು ಎಂದು ಸಾಫ್ಟ್‌ವೇರಿನಲ್ಲೇ ಬರೆದಿದ್ದರು. ಹಿಂದಿನ ಅರ್ಜಿಯನ್ನು ಮುಗಿಸದೆ ಮುಂದಿನದಕ್ಕೆ ಹೋಗಲು ಬರುತ್ತಿರಲಿಲ್ಲ. ಒಪ್ಪಿ, ಇಲ್ಲವೇ ಕಾರಣ ಬರೆದು ತಿರಸ್ಕರಿಸಿ. ದಾಟಿ ಹೋಗುವ ಹಾಗಿಲ್ಲ. ಕೆಲಸ ಮಾಡುವವರು ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕಿತ್ತು, ಹಾಗಾಗಿ ಆಮೇಲೆ ನಾನಲ್ಲ ಅನ್ನಲು ಬರುತ್ತಿರಲಿಲ್ಲ. ಕೂಲಿ ಮಾಡುವವನ ಅರ್ಜಿಗೂ ಪಟೇಲರ ಮನೆಯ ಅರ್ಜಿಗೂ ಒಂದೇ ಸಾಲು. ನಮ್ಮ ಲ್ಯಾಬ್ ಪುಸ್ತಕದ ನಾಲ್ಕನೇ ಪುಟದ ಪ್ರೋಗ್ರಾಂ ತಾಲ್ಲೂಕು ಕಚೇರಿಯಲ್ಲಿ ನಡೆದಾಗ ಏನಾಗುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ. ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಪ್ರತಿಯೊಬ್ಬರ ಮನೆಯಲ್ಲೂ ಒಂದು ಖಾತೆಯ ಕಥೆ ಇರುತ್ತದಲ್ಲ.

ಪೂರ್ತಿ ಕಥೆ ಇಷ್ಟು ಸಿಹಿಯಾಗಿಲ್ಲ, ಅದನ್ನೂ ಹೇಳುತ್ತೇನೆ. 2007ರಲ್ಲಿ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಅವರ ಜೊತೆಗಾರರು ಬೆಂಗಳೂರಿನ ಸುತ್ತಮುತ್ತ ಅಧ್ಯಯನ ಮಾಡಿ ಬೇರೆಯೇ ಚಿತ್ರ ಕೊಟ್ಟರು. ದಾಖಲೆಗಳು ಒಂದೇ ಕಡೆ ಸೇರಿದ್ದರಿಂದ ದೊಡ್ಡ ಕುಳಗಳಿಗೆ ಜಮೀನು ಹುಡುಕಿ ಹಿಡಿಯುವುದು ಸುಲಭವಾಯಿತು, ಲಂಚ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು ಎಂದು ಅವರು ವಾದಿಸಿದರು. ಸಾಲಿನ ಒಳಗೆ ನ್ಯಾಯ ಇದ್ದರೂ ಸಾಲಿಗೆ ಸೇರುವ ಮೊದಲು ಏನಾಗುತ್ತದೆ ಅನ್ನುವುದು ಕ್ಯೂಗೆ ತಿಳಿಯುವುದಿಲ್ಲ. ಎರಡೂ ಮಾತು ನಿಜ ಎಂದು ನನ್ನ ನಂಬಿಕೆ. ನಮ್ಮ ವಿದ್ಯಾರ್ಥಿಗಳು ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಲು ಕಲಿಯಬೇಕು.

ಅತ್ತೆಯ ಪ್ಲಾಸ್ಟಿಕ್ ಕವರು

ಮಳೆ ಜಾಸ್ತಿಯಾಗಿ ಆಲೂಗಡ್ಡೆ ನೆಲದಲ್ಲೇ ಕೊಳೆತುಹೋದ ಒಂದು ವರ್ಷ. ನನ್ನ ಸೋದರತ್ತೆ ಬೆಳೆ ಪರಿಹಾರಕ್ಕೆ ಅರ್ಜಿ ಹಾಕಬೇಕಿತ್ತು. ಅವರನ್ನು ಇಲ್ಲಿ ಸಣ್ಣಮ್ಮ ಎಂದು ಕರೆಯುತ್ತೇನೆ, ನಿಜವಾದ ಹೆಸರಲ್ಲ. ಗಂಡ ತೀರಿಕೊಂಡ ಮೇಲೆ ಒಂದೂವರೆ ಎಕರೆಯನ್ನು ಒಬ್ಬರೇ ನೋಡಿಕೊಳ್ಳುವವರು. ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಕಾಗದ ಜೋಡಿಸಿಕೊಂಡಿದ್ದರು. ಪಹಣಿ, ಆಧಾರ್, ಪಾಸ್‌ಬುಕ್, ಮಾವನ ಮರಣ ಪ್ರಮಾಣಪತ್ರ. ಪ್ರತಿಯೊಂದಕ್ಕೂ ಮೂರು ಜೆರಾಕ್ಸ್. ನಾನು ರಜೆಯಲ್ಲಿದ್ದೆ, ಜೊತೆಗೆ ಹೋದೆ.

ಕಂಪ್ಯೂಟರ್ ಮುಂದಿದ್ದ ಹುಡುಗ ಒಳ್ಳೆಯವನು. ಅತ್ತೆಗೆ ಕುರ್ಚಿ ಎಳೆದು ಕೊಟ್ಟ. ಒಂದೊಂದೇ ನಂಬರ್ ಹಾಕಿದ. ಸ್ವಲ್ಪ ಹೊತ್ತು ಏನೋ ಸುತ್ತಿತು, ಆಮೇಲೆ ಕೆಂಪು ಅಕ್ಷರದ ಸಾಲು ಬಂತು. ಪರದೆಯನ್ನು ನಮ್ಮ ಕಡೆ ತಿರುಗಿಸಿದ.

"ಹೆಸರು ಮ್ಯಾಚ್ ಆಗ್ತಿಲ್ಲ ಅಜ್ಜಿ."

"ಯಾವ ಹೆಸ್ರಪ್ಪ?"

"ನಿಮ್ದೇ. ಪಹಣೀಲಿ ಸಣ್ಣಮ್ಮ ಕೋಂ ಕಾಳೇಗೌಡ ಅಂತ ಇದೆ. ಆಧಾರಲ್ಲಿ ಸನ್ನಮ್ಮ ಕೆ. ಅಂತ ಇದೆ."

ಅತ್ತೆಗೆ ಓದಲು ಬರುವುದಿಲ್ಲ. ಎರಡು ಕಾಗದವನ್ನೂ ಕೈಯಲ್ಲಿ ಹಿಡಿದು ನೋಡಿದರು, ನನಗೆ ಕೊಟ್ಟರು. "ಅಲ್ಲಪ್ಪ, ನಾನೇ ಬಂದು ಮುಂದೆ ಕೂತಿದ್ದೀನಲ್ಲ" ಎಂದರು. ಸಿಟ್ಟಿನಿಂದಲ್ಲ. ಇದೊಂದು ಸಣ್ಣ ಗೊಂದಲ, ಹೇಳಿದರೆ ಸರಿಹೋಗುತ್ತದೆ ಎನ್ನುವ ಧ್ವನಿಯಲ್ಲಿ.

ಪಕ್ಕದ ರೂಮಿನಲ್ಲೇ ಗ್ರಾಮ ಲೆಕ್ಕಿಗರು ಇದ್ದರು. ಅತ್ತೆಯ ಮಗನ ಮದುವೆಯಲ್ಲಿ ಊಟ ಮಾಡಿದವರು. ಹೊಲ ಎಲ್ಲಿದೆ, ಬದು ಯಾವುದು, ಪಕ್ಕದವರು ಯಾರು, ಎಲ್ಲ ಗೊತ್ತು. ಅವರೂ ಬಂದು ನೋಡಿದರು. ಆಮೇಲೆ ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ನೀವೇ ಅಂತ ನಂಗೆ ಗೊತ್ತು ಕಣಮ್ಮ. ಆದ್ರೆ ಹಂಗಂತ ಹೇಳೋಕೆ ನನ್ನ ಲಾಗಿನ್ನಲ್ಲಿ ಜಾಗ ಇಲ್ಲ."

ಮುಂದಿನದು ಬೇಗ ಹೇಳಿಬಿಡುತ್ತೇನೆ. ಆಧಾರ್ ತಿದ್ದುಪಡಿಗೆ ಹಾಸನಕ್ಕೆ ಬಂದೆವು. ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿದೆವು. ತಿದ್ದುಪಡಿ ಆಗಿ ಬರುವಷ್ಟರಲ್ಲಿ ಆ ವರ್ಷದ ಪರಿಹಾರದ ಪಟ್ಟಿ ಮುಗಿದಿತ್ತು. ಹಣ ತುಂಬಾ ದೊಡ್ಡದೇನೂ ಅಲ್ಲ. ಮುಂದಿನ ಬಿತ್ತನೆ ಗೆಡ್ಡೆಗೆ ಆಗುತ್ತಿತ್ತು.

ಅಷ್ಟಕ್ಕೂ ಆದದ್ದೇನು? ಆಧಾರ್ ನೋಂದಣಿ ಮಾಡುವಾಗ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರೆ. ಕೆಳಗಿನ ಕನ್ನಡದ ಸಾಲನ್ನು ಸಾಫ್ಟ್‌ವೇರ್ ತಾನೇ ಹುಟ್ಟಿಸುತ್ತದೆ. ಇಂಗ್ಲಿಷಿನಲ್ಲಿ ಣ ಇಲ್ಲ, ಇರುವುದು ಒಂದೇ ಎನ್. ಹೋಗುವಾಗ ಣ ಆಗಿ ಹೋದದ್ದು ವಾಪಸು ಬರುವಾಗ ನ ಆಗಿ ಬಂತು. ಆಪರೇಟರ್ ನೋಡಿ ತಿದ್ದಬಹುದಿತ್ತು. ಹೊರಗೆ ನೂರು ಜನ ನಿಂತಿರುವಾಗ, ಮುಂದೆ ಕೂತವರಿಗೆ ಓದಲು ಬಾರದಿರುವಾಗ, ಯಾರು ತಿದ್ದುತ್ತಾರೆ? ಇನ್ನು ಪಹಣಿಯಲ್ಲಿ ಗಂಡಸರ ಹೆಸರಿನ ಮುಂದೆ ಬಿನ್ ಎಂದು ಅಪ್ಪನ ಹೆಸರು, ಹೆಂಗಸರ ಹೆಸರಿನ ಮುಂದೆ ಕೋಂ ಎಂದು ಗಂಡನ ಹೆಸರು. ಆಧಾರಿನಲ್ಲಿ ಅದು ಒಂದು ಇನಿಷಿಯಲ್ ಆಗಿ ಉಳಿದಿರುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಣ ಅಕ್ಷರದ ಸಂಖ್ಯೆ 3235, ನ ಅಕ್ಷರದ್ದು 3240. ಕಂಪ್ಯೂಟರಿಗೆ ಕಾಣುವುದು ಆ ಸಂಖ್ಯೆಗಳು. ಎರಡು ಸಂಖ್ಯೆ ಬೇರೆ, ಆದ್ದರಿಂದ ಎರಡು ಹೆಸರು ಬೇರೆ, ಆದ್ದರಿಂದ ಇಬ್ಬರು ಹೆಂಗಸರು. ಇನ್ನೂ ವಿಚಿತ್ರ ಅಂದರೆ, ಏತ್ವದ ದೀರ್ಘವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಇಡಬಹುದು. ಒಂದೇ ಚಿಹ್ನೆಯಾಗಿ, ಅಥವಾ ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿ. ಪರದೆಯ ಮೇಲೆ ಎರಡೂ ಕಾಳೇಗೌಡ. ಒಂದು ರೂಪಕ್ಕೆ ತಂದುಕೊಳ್ಳದೆ ಹೋಲಿಸಿದರೆ ಅವು ಬೇರೆ ಬೇರೆ.

ಅತ್ತೆಯ ಮುಂದೆ ಕೆಂಪು ಸಾಲು ಬಂದದ್ದು ಯಾರದೋ ಕೆಟ್ಟತನದಿಂದ ಅಲ್ಲ. ಎಲ್ಲೋ ಒಬ್ಬ ಪ್ರೋಗ್ರಾಮರ್ ಎರಡು ಹೆಸರು ಸಮ ಅಂದರೇನು ಎಂದು ತೀರ್ಮಾನಿಸಿದ್ದ. ಅದು ಸಮಾಜದ ಬಗ್ಗೆ ಮಾಡಿದ ತೀರ್ಮಾನ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ತಮ್ಮೇಗೌಡ ಮತ್ತು ತಿಮ್ಮೇಗೌಡ

ಸಿಲಬಸ್ ನನ್ನ ಕೈಯಲ್ಲಿಲ್ಲ. ಆದರೆ ಸ್ಟ್ರಿಂಗ್ ಪ್ರೋಗ್ರಾಂ ಮಾಡಿಸುವ ದಿನ ಇನ್ನೊಂದು ಕೆಲಸವನ್ನೂ ಕೊಡಲು ಶುರು ಮಾಡಿದೆ. ನಿಮ್ಮ ಮನೆಯ ಹಿರಿಯರ ಹೆಸರು ಬೇರೆ ಬೇರೆ ಕಾಗದಗಳಲ್ಲಿ ಹೇಗಿದೆ, ಬರೆದುಕೊಂಡು ಬನ್ನಿ. ಹೆಸರು ಮಾತ್ರ, ನಂಬರ್ ಬೇಡ. ಆಮೇಲೆ ಯಾವುದು ಒಬ್ಬರೇ, ಯಾವುದು ಇಬ್ಬರು ಎಂದು ಹೇಳುವ ಪ್ರೋಗ್ರಾಂ ಬರೆಯಿರಿ.

ಮೊದಲು ಎಲ್ಲರೂ ನೇರವಾಗಿ ಸಮ ಇದೆಯೇ ಎಂದು ನೋಡುತ್ತಾರೆ. ಅರ್ಧಕ್ಕರ್ಧ ಅಜ್ಜಿಯರು ಸೋಲುತ್ತಾರೆ. ಆಗ ಒಬ್ಬರಲ್ಲ ಒಬ್ಬರು ಇಂಟರ್ನೆಟ್ಟಿನಲ್ಲಿ ಲೆವೆನ್‌ಸ್ಟೈನ್ ದೂರವನ್ನು ಹುಡುಕಿ ತರುತ್ತಾರೆ. ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಕೊಟ್ಟ ಅಳತೆ ಅದು. ಒಂದು ಪದವನ್ನು ಇನ್ನೊಂದನ್ನಾಗಿ ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸುವುದು. ಸಣ್ಣಮ್ಮ ಸನ್ನಮ್ಮ ಆಗಲು ಎರಡು ಬದಲಾವಣೆ ಸಾಕು. ಹಾಗಾದರೆ ಎರಡರವರೆಗೆ ಒಬ್ಬರೇ ಎಂದು ಒಪ್ಪೋಣ ಎನ್ನುತ್ತಾರೆ. ಲ್ಯಾಬಿನಲ್ಲಿ ಖುಷಿಯೋ ಖುಷಿ.

ಒಂದು ಬ್ಯಾಚಿನಲ್ಲಿ ಅರಸೀಕೆರೆ ಕಡೆಯ ಹುಡುಗಿಯೊಬ್ಬಳು ಮಾತಾಡದೆ ಕೂತಿದ್ದಳು. ಪ್ರೋಗ್ರಾಂ ಓಡುತ್ತಿತ್ತು. ಏನಾಯ್ತು ಎಂದು ಕೇಳಿದೆ. "ಮೇಡಂ, ನಮ್ಮ ತಾತ ತಿಮ್ಮೇಗೌಡ. ಅವರ ತಮ್ಮ ತಮ್ಮೇಗೌಡ. ಇದು ಇಬ್ಬರನ್ನೂ ಒಬ್ಬರೇ ಅಂತಿದೆ. ಇಬ್ಬರಿಗೂ ಜಮೀನಿನ ಕೇಸ್ ನಡೀತಿದೆ" ಎಂದಳು. ಪರದೆ ನೋಡಿದೆ. ತಿಮ್ಮೇಗೌಡ ಮತ್ತು ತಮ್ಮೇಗೌಡ ನಡುವಿನ ದೂರ ಒಂದು. ಒಂದು ಗುಡಿಸು ತೆಗೆದರೆ ಮುಗಿಯಿತು. ಒಬ್ಬಳೇ ಸಣ್ಣಮ್ಮನ ಎರಡು ಹೆಸರುಗಳ ದೂರ ಎರಡು, ಕೋರ್ಟಿನಲ್ಲಿರುವ ಇಬ್ಬರು ಅಣ್ಣತಮ್ಮಂದಿರ ದೂರ ಒಂದು. ಅತ್ತೆಯನ್ನು ಒಳಗೆ ಬಿಡುವ ಬಾಗಿಲಲ್ಲೇ ಒಬ್ಬರ ಹೊಲ ಇನ್ನೊಬ್ಬರಿಗೆ ಹೋಗುತ್ತದೆ.

ಆ ಮಧ್ಯಾಹ್ನ ಲ್ಯಾಬ್ ಹೊತ್ತು ಮುಗಿದರೂ ಯಾರೂ ಏಳಲಿಲ್ಲ. ಬೋರ್ಡಿನ ಮೇಲೆ ಬರೆಯುತ್ತಾ ಹೋದೆವು. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಏನೇನು ಕಳೆದುಹೋಗುತ್ತದೆ? ಣ ಮತ್ತು ನ ಒಂದಾಗುತ್ತವೆ. ಳ ಮತ್ತು ಲ ಒಂದಾಗುತ್ತವೆ. ಹ್ರಸ್ವ ದೀರ್ಘದ ಲೆಕ್ಕ ತಪ್ಪುತ್ತದೆ. ತ ಕೆಲವೊಮ್ಮೆ ಥ ಆಗಿ ವಾಪಸು ಬರುತ್ತದೆ. ಇಂಥ ತಪ್ಪುಗಳಿಗೆ ಕಡಿಮೆ ದಂಡ ಹಾಕೋಣ. ಆದರೆ ಇಕಾರ ಇಂಗ್ಲಿಷಿಗೆ ಹೋದರೂ ಕಳೆದುಹೋಗುವುದಿಲ್ಲ, ಅದಕ್ಕೆ ಪೂರ್ತಿ ದಂಡ ಇರಲಿ. ಹೀಗೆ ಮಾಡಿದಾಗ ಸಣ್ಣಮ್ಮ ಸನ್ನಮ್ಮ ಹತ್ತಿರ ಬಂದರು, ತಿಮ್ಮೇಗೌಡ ತಮ್ಮೇಗೌಡ ದೂರ ಸರಿದರು. ಅಷ್ಟರಲ್ಲಿ ಇನ್ನೊಬ್ಬ, ನಮ್ಮ ಬೀದಿಯಲ್ಲಿ ಒಬ್ಬರು ಮಾಲಮ್ಮ, ಇನ್ನೊಬ್ಬರು ಮಾಳಮ್ಮ ಎಂದ. ಮತ್ತೆ ಕೂತೆವು.

ಅಮೆರಿಕದಲ್ಲಿ ಇಂಥದ್ದೇ ತೊಂದರೆಗೆ 1918ರಲ್ಲೇ ರಾಬರ್ಟ್ ರಸೆಲ್ ಎಂಬುವರು ಪೇಟೆಂಟ್ ಪಡೆದಿದ್ದರು. ಕೇಳಲು ಒಂದೇ ಥರ ಇರುವ ಹೆಸರುಗಳಿಗೆ ಒಂದೇ ಗುರುತು ಕೊಡುವ ಸೌಂಡೆಕ್ಸ್ ಪದ್ಧತಿ. ಕಂಪ್ಯೂಟರ್ ಹುಟ್ಟುವ ಮೊದಲಿನ ಮಾತು. ಅವರ ಊರಿನ ಹೆಸರುಗಳ ಬಗ್ಗೆ ಅವರು ಅಷ್ಟು ಹಿಂದೆಯೇ ಯೋಚಿಸಿದ್ದರು. ನಮ್ಮ ಹೋಬಳಿಯ ಹೆಸರುಗಳ ಬಗ್ಗೆ ನಾವೇ ಯೋಚಿಸಬೇಕು, ಬೇರೆ ಯಾರು ಮಾಡುತ್ತಾರೆ?

ಬೆರಳಚ್ಚಿನದ್ದೂ ಇದೇ ಪಾಡು. ಮೂಡಿಗೆರೆ ಕಡೆಯಿಂದ ಬರುವ ಮಕ್ಕಳಲ್ಲಿ ಕೆಲವರ ಅಮ್ಮಂದಿರು ತೋಟದ ಕೆಲಸದವರು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆರಳ ತುದಿ ಸವೆದು ಸಿಪ್ಪೆ ಎದ್ದಿರುತ್ತದೆ. ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯುವುದಿಲ್ಲ. ಸೆರಗಿಗೆ ಒರೆಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಮತ್ತೆ ಒತ್ತುತ್ತಾರೆ. ಎಷ್ಟು ಹೋಲಿಕೆ ಇದ್ದರೆ ಸಾಕು ಎಂದು ಒಂದು ಮಿತಿಯನ್ನು ಯಾರೋ ಇಟ್ಟಿರುತ್ತಾರೆ. ಮಿತಿ ಏರಿಸಿದರೆ ಬೇರೆಯವರು ಒಳಗೆ ಬರುವುದು ಕಡಿಮೆಯಾಗುತ್ತದೆ, ಸ್ವಂತದವರು ಹೊರಗೆ ಉಳಿಯುವುದು ಹೆಚ್ಚುತ್ತದೆ. ಇಳಿಸಿದರೆ ತಿರುಗಾಮುರುಗಾ. ಬ್ಯಾಂಕಿನ ಲಾಕರಿಗೆ ಯಾವ ತಪ್ಪು ಕೆಟ್ಟದ್ದು, ಹತ್ತು ಕೆಜಿ ಅಕ್ಕಿಗೆ ಯಾವ ತಪ್ಪು ಕೆಟ್ಟದ್ದು? ಎರಡಕ್ಕೂ ಉತ್ತರ ಒಂದೇ ಅಲ್ಲ. ಗಣಿತ ಗೊತ್ತಿರುವವರೇ ಇದನ್ನು ಮೊದಲು ಹೇಳಬೇಕು, ಯಾಕೆಂದರೆ ಆ ಮಿತಿ ಅನ್ನುವುದೊಂದು ಇದೆ ಎಂದೇ ಬೇರೆಯವರಿಗೆ ಗೊತ್ತಿರುವುದಿಲ್ಲ.

ಕೇಳಿದವರು ಯಾರು

ನಮ್ಮ ವಿಷಯದಲ್ಲಿ ಒಳಗಿನಿಂದಲೇ ಎದ್ದು ಪ್ರಶ್ನೆ ಕೇಳಿದವರ ದೊಡ್ಡ ಪರಂಪರೆ ಇದೆ. ನಾಜಿ ಜರ್ಮನಿಯಿಂದ ಹುಡುಗನಾಗಿದ್ದಾಗ ತಪ್ಪಿಸಿಕೊಂಡು ಬಂದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಎಲೈಜಾ ಎಂಬ ಮಾತಾಡುವ ಪ್ರೋಗ್ರಾಂ ಬರೆದರು. ಜನ ಅದರ ಮುಂದೆ ಮನಸ್ಸು ಬಿಚ್ಚಿಕೊಳ್ಳುವುದನ್ನು ನೋಡಿ ಗಾಬರಿಯಾದರು. ಕಂಪ್ಯೂಟರಿಗೆ ಬಿಟ್ಟುಕೊಡಬಾರದ ತೀರ್ಮಾನಗಳಿವೆ ಎಂದು 1976ರಲ್ಲಿ ಪುಸ್ತಕವನ್ನೇ ಬರೆದರು. 1985ರಲ್ಲಿ ಡೇವಿಡ್ ಪಾರ್ನಸ್ ಅಮೆರಿಕದ ಕ್ಷಿಪಣಿ ರಕ್ಷಣಾ ಯೋಜನೆಯ ಸಮಿತಿ ಬಿಟ್ಟು ಬಂದರು. ಇಂಥ ಸಾಫ್ಟ್‌ವೇರನ್ನು ನಂಬುವಂತೆ ಬರೆಯಲು ಸಾಧ್ಯವಿಲ್ಲ ಎಂದು ಕಾರಣ ಸಮೇತ ಹೇಳಿದರು. ಅವರು ಸಾಫ್ಟ್‌ವೇರ್ ಎಂಜಿನಿಯರಿಂಗ್ ಕಟ್ಟಿದವರಲ್ಲಿ ಒಬ್ಬರು. ಪ್ರೋಗ್ರಾಂ ಅನ್ನು ಬಿಡಿ ಬಿಡಿ ಭಾಗಗಳಾಗಿ ಕಟ್ಟುವ ಅವರ ಮಾಡ್ಯೂಲ್ ತತ್ವವನ್ನು ನಮ್ಮ ಹುಡುಗರು ಓದುತ್ತಾರೆ, ಈ ಕಥೆಯನ್ನು ಓದುವುದಿಲ್ಲ.

ನಮ್ಮ ನೆಲದಲ್ಲಿ ಪ್ರಶ್ನೆ ಕೇಳಿದವರು ಹೆಚ್ಚಾಗಿ ಹೊರಗಿನವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಅದಕ್ಕೂ ಹಿಂದೆ, ಮೂಡಿಗೆರೆಯ ತೋಟದಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶದ ಬಗ್ಗೆ ಬರೆದರು, ಸರ್ಕಾರವನ್ನು ಒತ್ತಾಯಿಸಿದರು. ಕೀಟ, ಹಕ್ಕಿ, ಮೀನಿನ ಜೊತೆ ಅವರಿಗೆ ಫಾಂಟ್ ಮತ್ತು ಕೀಲಿಮಣೆಯೂ ತಲೆಗೆ ಹತ್ತಿತ್ತು. ಕಂಪ್ಯೂಟರಿನಲ್ಲಿ ಇಲ್ಲದ ಭಾಷೆ ನಾಳೆ ಆಡಳಿತದಲ್ಲೂ ಇರುವುದಿಲ್ಲ ಎಂದು ಒಬ್ಬ ಸಾಹಿತಿಗೆ ಹೊಳೆದದ್ದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಯಾಕೆ ಹೊಳೆಯಲಿಲ್ಲ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮ ಮಕ್ಕಳಲ್ಲಿ ಬುದ್ಧಿ ಕಡಿಮೆ ಇಲ್ಲ. ಕಂಪ್ಯೂಟರ್ ಸೈನ್ಸಿನ ಸಮುದಾಯವೂ ತುಂಬಾ ಉದಾರಿ. ಚನ್ನರಾಯಪಟ್ಟಣದ ಹಾಸ್ಟೆಲ್ಲಿನಿಂದ ರಾತ್ರಿ ಒಂದು ಪ್ರಶ್ನೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಕಾಣದ ದೇಶದ ಯಾರೋ ಉತ್ತರ ಬರೆದಿರುತ್ತಾರೆ. ಎಲ್ಲರೂ ಸೇರಿ ಬರೆಯುವ, ಯಾರು ಬೇಕಾದರೂ ಬಳಸಬಹುದಾದ ಲಿನಕ್ಸ್ ಸಾಫ್ಟ್‌ವೇರ್ 1991ರಿಂದ ಹಾಗೇ ಬೆಳೆದು ಬಂದಿದೆ. ಬೇರೆ ಯಾವ ಎಂಜಿನಿಯರಿಂಗ್‌ನಲ್ಲೂ ಇಂಥ ಕೊಡುಗೈ ಇಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಆ ಸಮುದಾಯ ಯಾರು ಕೇಳುತ್ತಾರೋ ಅವರ ಪ್ರಶ್ನೆಗೆ ಉತ್ತರಿಸುತ್ತದೆ. ಣ ಮತ್ತು ನ ಬಗ್ಗೆ, ಕೋಂ ಮತ್ತು ಬಿನ್ ಬಗ್ಗೆ ನಾವು ಕೇಳದಿದ್ದರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಇಲ್ಲಿಂದ ಹೋದವರು ಬೆಂಗಳೂರಿನಲ್ಲಿ ಕೂತು ಯಾವುದೋ ದೇಶದ ವಿಮಾ ಕಂಪನಿಯ ಹೆಸರಿನ ಕಾಲಂ ಸರಿಮಾಡುತ್ತಿರುತ್ತಾರೆ. ಅದು ತಪ್ಪಲ್ಲ, ಮರ್ಯಾದೆಯ ಕೆಲಸವೇ. ಅದೇ ಕೈಗೆ ಊರಿನ ಹೆಸರುಗಳೂ ಸಿಗಬೇಕು ಅನ್ನುವುದು ನನ್ನ ಆಸೆ.

ಲಾಗಿನ್ನಲ್ಲಿ ಒಂದು ಜಾಗ

ಭೂಮಿ ಬಂದಾಗ ಗ್ರಾಮ ಲೆಕ್ಕಿಗರ ಕೈಯಿಂದ ಅಧಿಕಾರ ತೆಗೆದದ್ದು ಸರಿಯಾಗಿಯೇ ಇತ್ತು. ಆ ಅಧಿಕಾರ ಲಂಚಕ್ಕೆ ದಾರಿಯಾಗಿತ್ತು. ಆದರೆ ಅದರ ಜೊತೆ ಅವರ ತಿಳಿವಳಿಕೆಯನ್ನೂ ತೆಗೆದು ಹೊರಗಿಟ್ಟೆವು. ಮುಂದೆ ಕೂತವರು ಯಾರು ಎಂದು ಗೊತ್ತಿದ್ದೂ ಹೇಳಲು ಜಾಗ ಇಲ್ಲದ ಸ್ಥಿತಿ ಅಲ್ಲಿಂದ ಬಂದದ್ದು. ಎಷ್ಟೇ ಚೆನ್ನಾಗಿ ದೂರ ಅಳೆದರೂ ಕೆಲವು ಮಾಲಮ್ಮ ಮಾಳಮ್ಮಂದಿರನ್ನು ಮನುಷ್ಯರೇ ಬಿಡಿಸಬೇಕು.

ಆ ಬ್ಯಾಚಿನ ಕೆಲವರು ಇದನ್ನು ಪ್ರಾಜೆಕ್ಟ್ ಮಾಡಿಕೊಂಡರು. ಕಂದಾಯ ಇಲಾಖೆಯಲ್ಲಿ ಮಹಜರು ಅನ್ನುವುದು ಹಳೇ ಪದ್ಧತಿ. ಸ್ಥಳಕ್ಕೆ ಹೋಗಿ, ಅಕ್ಕಪಕ್ಕದವರನ್ನು ಕರೆದು, ಕಂಡದ್ದನ್ನು ಬರೆದು, ಪಂಚರ ಸಹಿ ಹಾಕಿಸುವುದು. ಅದನ್ನೇ ಸಾಫ್ಟ್‌ವೇರಿಗೆ ತರಬಾರದೇಕೆ ಎಂದು ಅವರ ಯೋಚನೆ. ಹೆಸರು ತಾಳೆಯಾಗದಿದ್ದರೆ ಕೆಂಪು ಸಾಲಿನ ಬದಲು ಯಾವ ಅಕ್ಷರ ಬೇರೆ ಎಂದು ಕನ್ನಡದಲ್ಲಿ ತೋರಿಸುವುದು. ಗ್ರಾಮ ಲೆಕ್ಕಿಗರು ಪಂಚರ ಮುಂದೆ ಇವರೇ ಎಂದು ದೃಢಪಡಿಸಲು ಒಂದು ಪುಟ. ಯಾರು, ಯಾವತ್ತು, ಯಾವ ಕಾರಣಕ್ಕೆ ಹೌದೆಂದರು ಎಂದು ಎಲ್ಲರಿಗೂ ಕಾಣುವ ದಾಖಲೆ. ಆ ಅರ್ಜಿಗಳೂ ಸರದಿಯಲ್ಲೇ ಹೋಗಬೇಕು. ಇದು ಲಂಚದ ಬಾಗಿಲನ್ನು ಮತ್ತೆ ತೆರೆದ ಹಾಗಲ್ಲವೇ ಎಂದು ಅವರವರಲ್ಲೇ ಜೋರು ಜಗಳ ನಡೆಯಿತು. ಅದು ಇನ್ನೂ ಮುಗಿದಿಲ್ಲ.

ಮಾಡಿದ್ದನ್ನು ತೋರಿಸಲು ಅವರನ್ನು ನಮ್ಮೂರಿನ ಗ್ರಾಮ ಲೆಕ್ಕಿಗರ ಹತ್ತಿರ ಕರೆದುಕೊಂಡು ಹೋದೆ. ಲ್ಯಾಪ್‌ಟಾಪನ್ನು ಅವರ ಮೇಜಿನ ಮೇಲೆ ಇಟ್ಟು ಒಂದೊಂದೇ ಪುಟ ತೋರಿಸಿದರು. ಅವರು ಗಮನ ಕೊಟ್ಟು ನೋಡಿದರು. ಐದು ಜನ ಪಂಚರು ಜಾಸ್ತಿಯಾಯಿತು, ಕೊಯ್ಲಿನ ಕಾಲದಲ್ಲಿ ಇಬ್ಬರು ಸಿಕ್ಕರೆ ದೊಡ್ಡದು ಎಂದರು. ಆಮೇಲೆ ಕೇಳಿದರು. "ಇದೆಲ್ಲ ಬದುಕಿರೋರಿಗೆ ಆಯ್ತಪ್ಪ. ತಾತ ಮುತ್ತಾತನ ಹೆಸರಲ್ಲೇ ಇರೋ ಪಹಣಿಗೆ ಏನ್ ಮಾಡ್ತೀರಾ? ನನ್ನತ್ರ ಬರೋ ಗೋಳೆಲ್ಲ ಅದೇ." ಪೌತಿ ಖಾತೆ ಆಗದೆ, ಸತ್ತವರ ಹೆಸರಿನಲ್ಲೇ ಉಳಿದ ಜಮೀನು. ಇವರ ಡೇಟಾಬೇಸಿನಲ್ಲಿ ಮಾಲೀಕರು ಅಂದರೆ ಬದುಕಿರುವ ಒಬ್ಬರು ಎಂದೇ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲೇ ಚರ್ಚೆ ಶುರುವಾಯಿತು. ವಂಶವೃಕ್ಷದ ಸರ್ಟಿಫಿಕೇಟ್ ಹೇಗಿದ್ದರೂ ಇದೆ, ಟ್ರೀ ಅಂತೂ ಇದೇ ಸೆಮಿಸ್ಟರಿನಲ್ಲಿ ಓದಿದ್ದೇವೆ, ಅದನ್ನೇ ಹಾಕೋಣ ಎಂದು ಒಬ್ಬ ನೋಟ್‌ಬುಕ್ ತೆಗೆದು ತನ್ನ ಮನೆಯದನ್ನೇ ಬರೆಯತೊಡಗಿದ. ಅರಸೀಕೆರೆಯ ಹುಡುಗಿ ಪಕ್ಕದಲ್ಲಿ ಕೂತು ತನ್ನದನ್ನು ಬರೆದಳು. ಅವಳ ಮುತ್ತಾತನಿಗೆ ಇಬ್ಬರು ಹೆಂಡತಿಯರು, ಒಬ್ಬ ಮಗನನ್ನು ದತ್ತು ಕೊಟ್ಟಿದ್ದರು, ಮೊಮ್ಮಕ್ಕಳಲ್ಲಿ ಒಬ್ಬಳನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರು. ಗೆರೆಗಳು ಒಂದನ್ನೊಂದು ದಾಟಿದವು. "ಇದಕ್ಕೆ ಟ್ರೀ ಸಾಲಲ್ಲ ಮೇಡಂ, ಗ್ರಾಫೇ ಬೇಕು" ಎಂದು ಪುಟ ತಿರುವಿ ಮೊದಲಿಂದ ಶುರು ಮಾಡಿದಳು.